ಕತ್ತಲ ನವರಂಗದಲ್ಲಿ ಕಿಸೆಯ ಕ್ಯಾಮೆರಾ

ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಯ ಹೊರಗೋಡೆಯನ್ನು ಬೆಳಗಿನ ಬಿಸಿಲಿನಲ್ಲಿ ಯಾವ ಮೊಬೈಲ್ ಆದರೂ ಅಂದವಾಗಿ ಹಿಡಿದುಕೊಡುತ್ತದೆ. ಹೊಸ್ತಿಲು ದಾಟಿ ನವರಂಗಕ್ಕೆ, ಅಂದರೆ ಕಂಬಗಳ ಒಳಮಂಟಪಕ್ಕೆ, ಕಾಲಿಟ್ಟ ಮೇಲೆ ಲೆಕ್ಕ ಬೇರೆ. ಕಂಬಗಳು ಕಪ್ಪು, ಮೇಲಾಗಿ ಕನ್ನಡಿಯಂತೆ ನುಣುಪು. ಬೆಳಕು ಬರುವುದು ಬಾಗಿಲಿನಿಂದ, ಅಲ್ಲಿ ಯಾರಾದರೊಬ್ಬರು ಸೆಲ್ಫಿಗೆ ನಿಂತಿರುತ್ತಾರೆ. ಗದಗದಿಂದ 12 ಕಿಲೋಮೀಟರ್ ದೂರದ ಈ ಊರಿಗೆ ಬಿಡುವು ಸಿಕ್ಕಾಗಲೆಲ್ಲ ಹೋಗುವ ನಾನು, ಒಳಗಿನ ಶಿಲ್ಪಗಳನ್ನು ಒಂದು ಸಣ್ಣ ಕ್ಯಾಮೆರಾದಲ್ಲಿ ತೆಗೆಯಲು ಕಂಡುಕೊಂಡ ದಾರಿ ಇದು.

ಕ್ಯಾಮೆರಾ ಹಳೆಯದು, 2012ರಲ್ಲಿ ಬಂದ ಸೋನಿ ಆರ್‌ಎಕ್ಸ್‌100ರ ಮೊದಲ ಮಾದರಿ. ಬೆಳಕನ್ನು ಹಿಡಿದು ಚಿತ್ರವಾಗಿಸುವ ಇದರ ಸೆನ್ಸರನ್ನು ಒಂದು ಇಂಚು ಎಂದು ಕರೆದರೂ ಅದು ನಿಜದಲ್ಲಿ 13.2 × 8.8 ಮಿಲಿಮೀಟರ್. ಅಗ್ಗದ ಕಾಂಪ್ಯಾಕ್ಟ್‌ಗಳ ಸೆನ್ಸರ್‌ಗಿಂತ ವಿಸ್ತಾರದಲ್ಲಿ ಸುಮಾರು ನಾಲ್ಕು ಪಟ್ಟು ದೊಡ್ಡದು. ಕತ್ತಲಲ್ಲಿ ಆ ನಾಲ್ಕು ಪಟ್ಟಿನ ಬೆಲೆ ತಿಳಿಯುತ್ತದೆ.

ನನ್ನ ಮೊದಲ ನಿಯಮ: ಜೂಮ್ ಮುಟ್ಟುವುದಿಲ್ಲ. ಈ ಲೆನ್ಸ್ ಅಗಲ ನೋಟದ 28 ಮಿಲಿಮೀಟರ್ ತುದಿಯಲ್ಲಿ ಎಫ್ 1.8ರವರೆಗೆ ತೆರೆದುಕೊಳ್ಳುತ್ತದೆ, ಜೂಮ್‌ನ 100 ಮಿಲಿಮೀಟರ್ ತುದಿಯಲ್ಲಿ ಎಫ್ 4.9ಕ್ಕೆ ನಿಲ್ಲುತ್ತದೆ (ಎಫ್ ಅಂಕಿ ಚಿಕ್ಕದಾದಷ್ಟೂ ಕಂಡಿ ದೊಡ್ಡದು). ಇವೆರಡರ ನಡುವೆ ಹೆಚ್ಚುಕಡಿಮೆ ಮೂರು ಸ್ಟಾಪ್ ಅಂತರ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧ), ಎಂದರೆ ಬೆಳಕು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಗಲ ತುದಿಯಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 800 ಸಾಕಾಗಿದ್ದ ಕಂಬಕ್ಕೆ ಜೂಮ್ ಮಾಡಿದರೆ 6400ರ ಹತ್ತಿರ ಬೇಕಾಗುತ್ತದೆ. ಅದೂ ಷಟರ್, ಅಂದರೆ ಬೆಳಕು ಒಳಬರುವ ಹೊತ್ತು, ಅಷ್ಟೇ ಇದ್ದರೆ. ಜೂಮ್ ಮಾಡಿದಾಗ ಕೈನಡುಕವೂ ದೊಡ್ಡದಾಗಿ ಕಾಣುವುದರಿಂದ 1/30 ಸೆಕೆಂಡಿನ ಜಾಗದಲ್ಲಿ 1/100 ಬೇಕು. ಆಗ ಐಎಸ್‌ಒ 20,000ದ ಸುಮಾರಿಗೆ ಹೋಗಿ ಕೂರುತ್ತದೆ. ಎರಡು ಹೆಜ್ಜೆ ಮುಂದೆ ನಡೆದರೆ ಈ ತಾಪತ್ರಯವೆಲ್ಲ ತಪ್ಪುತ್ತದೆ. ಎತ್ತರದ ಲಲಾಟಬಿಂಬಕ್ಕೆ, ಅಂದರೆ ಬಾಗಿಲವಾಡದ ಮೇಲ್ನಡುವಿನ ಕೆತ್ತನೆಗೆ, ಹತ್ತಿರ ಹೋಗಲಾಗುವುದಿಲ್ಲ ಎನ್ನುವುದು ನಿಜ. ಅಂಥದ್ದನ್ನು ಅಗಲವಾಗಿಯೇ ತೆಗೆದು, ಮನೆಯಲ್ಲಿ ಕತ್ತರಿಸಿಕೊಳ್ಳುತ್ತೇನೆ. 20 ಮೆಗಾಪಿಕ್ಸೆಲ್ ಇರುವುದು ಮತ್ತೆ ಯಾತಕ್ಕೆ?

ಅಪರ್ಚರ್, ಅಂದರೆ ಲೆನ್ಸಿನ ಕಂಡಿ, ಪೂರ್ತಿ ತೆರೆದರೆ ಹಿನ್ನೆಲೆ ಮಸುಕಾದೀತು ಎಂಬ ಭಯ ದೊಡ್ಡ ಕ್ಯಾಮೆರಾದವರದ್ದು. ಇಲ್ಲಿ ಸೆನ್ಸರ್ ಅವರದಕ್ಕಿಂತ ಚಿಕ್ಕದಾಗಿರುವುದೇ ನಮಗೆ ಅನುಕೂಲ. ಅಗಲ ತುದಿಯಲ್ಲಿ, ಎಫ್ 1.8ರಲ್ಲಿ, ಎರಡು ಮೀಟರ್ ದೂರದ ಕಂಬಕ್ಕೆ ಫೋಕಸ್ ಮಾಡಿದರೆ ಸುಮಾರು ಒಂದೂವರೆ ಮೀಟರಿನಿಂದ ಮೂರು ಮೀಟರಿನವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಕಂಬದ ಮುಂದಿನ ಉಬ್ಬು, ಹಿಂದಿನ ತಗ್ಗು ಎರಡಕ್ಕೂ ಅದು ಸಾಕು.

ಇನ್ನು ಎಕ್ಸ್‌ಪೋಜರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಎಂಬ ಲೆಕ್ಕ. ಒಳಗಿನ ಚಿತ್ರಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರಿಗೆ ಕಪ್ಪು ಕಲ್ಲು, ಬಿಳಿ ಗೋಡೆ ಎಂಬ ಭೇದ ಗೊತ್ತಿಲ್ಲ. ಕಂಡದ್ದನ್ನೆಲ್ಲ ಅದು ನಡುಮಟ್ಟದ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಲಕ್ಕುಂಡಿಯಲ್ಲೇ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಜೈನ ಬಸದಿ ಬ್ರಹ್ಮಜಿನಾಲಯದಲ್ಲಿ ಚತುರ್ಮುಖ ಬ್ರಹ್ಮನ ವಿಗ್ರಹವಿದೆ. ಚೌಕಟ್ಟಿನ ತುಂಬ ಅದನ್ನೇ ಇಟ್ಟು ಗುಂಡಿ ಒತ್ತಿದರೆ ಬ್ರಹ್ಮ ಬೂದಿ ಬಳಿದುಕೊಂಡವನಂತೆ ಬರುತ್ತಾನೆ. ಮೀಟರ್ ಕೇಳಿದ್ದಕ್ಕಿಂತ ಕಡಿಮೆ ಬೆಳಕು ಕೊಡಬೇಕು. ಎಕ್ಸ್‌ಪೋಜರ್ ಕಾಂಪೆನ್ಸೇಷನ್ ಅನ್ನು ಮೈನಸ್ 0.7ಕ್ಕೆ, ಕಲ್ಲು ತೀರಾ ಕಪ್ಪಿದ್ದರೆ ಮೈನಸ್ 1ಕ್ಕೆ ಇಳಿಸುತ್ತೇನೆ. ಕಲ್ಲು ಕಲ್ಲಿನ ಬಣ್ಣಕ್ಕೆ ಬರುತ್ತದೆ, ಐಎಸ್‌ಒ ಕೂಡ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ.

ಚೌಕಟ್ಟಿನ ಮೂಲೆಯಲ್ಲಿ ಬಾಗಿಲ ಬೆಳಕು ನುಸುಳಿದರೆ ಇದೆಲ್ಲ ತಲೆಕೆಳಗಾಗುತ್ತದೆ. ಮೀಟರ್ ಆ ಬೆಳಕಿಗೆ ಹೆದರಿ ಕಂಬವನ್ನು ಕಾಡಿಗೆಯಂತೆ ಕಪ್ಪು ಮಾಡಿಬಿಡುತ್ತದೆ. ಬಾಗಿಲನ್ನು ಚೌಕಟ್ಟಿನಿಂದ ಹೊರಗಿಡುವುದು ಉತ್ತಮ. ಆಗದಿದ್ದರೆ ಸ್ಪಾಟ್ ಮೀಟರಿಂಗ್‌ಗೆ ಬದಲಿಸಿ ಶಿಲ್ಪದ ಮೇಲೆ ಬೆಳಕು ಬಿದ್ದ ಭಾಗವನ್ನೇ ಅಳೆಯುತ್ತೇನೆ. ತೆಗೆದ ಮೇಲೆ ಪರದೆಯ ಚಿತ್ರವನ್ನು ನಂಬುವುದಿಲ್ಲ; ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಪರದೆಯಲ್ಲಿ ಎಲ್ಲವೂ ಹೊಳೆದೇ ಕಾಣುತ್ತದೆ. ಚಿತ್ರದಲ್ಲಿ ಕಪ್ಪೆಷ್ಟು ಬಿಳುಪೆಷ್ಟು ಎಂದು ತೋರಿಸುವ ನಕ್ಷೆ, ಹಿಸ್ಟೋಗ್ರಾಂ, ನೋಡುತ್ತೇನೆ.

ಕ್ಯಾಮೆರಾ ತಾನೇ ಆರಿಸುವ ಆಟೋ ಐಎಸ್‌ಒದ ಮೇಲ್ಮಿತಿಯನ್ನು 3200ಕ್ಕೆ ಕಟ್ಟಿಹಾಕಿದ್ದೇನೆ. ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ನಾಯ್ಸ್ ಕಂಡರೆ ಹೌಹಾರುವವರಿದ್ದಾರೆ. ನನಗೆ ಅದರ ಬಗ್ಗೆ ಅಂಥ ದ್ವೇಷವಿಲ್ಲ. ಕಲ್ಲಿನ ಮೈಯಲ್ಲಿ ಸ್ವಲ್ಪ ಕಾಳು ಕಂಡರೆ ಏನೂ ಕೆಡುವುದಿಲ್ಲ. ಅಲುಗಿದ ಚಿತ್ರವನ್ನು ಮಾತ್ರ ಯಾವ ಸಾಫ್ಟ್‌ವೇರ್ ಕೂಡ ಸರಿಪಡಿಸಿಕೊಡದು. ಆದ್ದರಿಂದ ಎರಡರಲ್ಲಿ ಒಂದನ್ನು ಬಿಡಬೇಕಾಗಿ ಬಂದರೆ ಐಎಸ್‌ಒ ಏರಿಸಿ ಷಟರನ್ನು ಉಳಿಸಿಕೊಳ್ಳುತ್ತೇನೆ. ಕ್ಯಾಮೆರಾ ಸಂಸ್ಕರಿಸದ ರಾ (raw) ಕಡತದಲ್ಲಿ ತೆಗೆಯುವುದರಿಂದ ನೆರಳನ್ನು ಆಮೇಲೆ ಎತ್ತಿಕೊಳ್ಳಲು ಅವಕಾಶವಿರುತ್ತದೆ. ಫ್ಲ್ಯಾಶ್ ಅಂತೂ ಬೇಡವೇ ಬೇಡ: ನುಣುಪು ಕಲ್ಲಿನ ಮೇಲೆ ಬಿಳಿ ಚುಕ್ಕೆ ಬೀಳುತ್ತದೆ, ನೇರ ಬೆಳಕಿಗೆ ಕೆತ್ತನೆಯ ಆಳವೇ ಮಾಯವಾಗುತ್ತದೆ. ಬಾಗಿಲಿನಿಂದ ಓರೆಯಾಗಿ ಬರುವ ಬೆಳಕೇ ಕೆತ್ತನೆಯನ್ನು ಎತ್ತಿ ತೋರಿಸುವುದು.

ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಬೇಕು. ಹಾಗಾಗಿ ಕೈಯೇ ಗತಿ. ಕುತ್ತಿಗೆಗೆ ಹಾಕಿದ ಪಟ್ಟಿಯನ್ನು ಬಿಗಿಯಾಗುವವರೆಗೆ ಮುಂದಕ್ಕೆ ಎಳೆದು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಬಿಡುತ್ತ ಮೂರು ಚಿತ್ರಗಳನ್ನು ಒಂದೇ ಸಮನೆ ತೆಗೆಯುತ್ತೇನೆ. ಮೊದಲನೆಯದು ಬೆರಳು ಒತ್ತಿದ ಭರಕ್ಕೆ ಅಲುಗಿರುತ್ತದೆ. ಸಾಮಾನ್ಯವಾಗಿ ನಡುವಿನದು ನಿಲ್ಲುತ್ತದೆ. ಹೀಗೆ 1/15ರವರೆಗೂ ಇಳಿಯಬಹುದು.

ಭುವನೇಶ್ವರಿಗೆ, ಅಂದರೆ ಒಳಛತ್ತಿಗೆ, ಈ ಯಾವ ಕಸರತ್ತೂ ಬೇಡ. ನೆಲದ ಮೇಲೆ ಕರವಸ್ತ್ರ ಹಾಸಿ ಕ್ಯಾಮೆರಾವನ್ನು ಬೆನ್ನ ಮೇಲೆ ಮಲಗಿಸಿ, ಲೆನ್ಸ್ ಮೇಲಕ್ಕೆ ಮಾಡಿ, ಎರಡು ಸೆಕೆಂಡಿನ ಟೈಮರ್ ಹಾಕಿ ದೂರ ಸರಿಯುತ್ತೇನೆ. ಐಎಸ್‌ಒ 125, ಎಫ್ 4, ಷಟರ್ ಎರಡರಿಂದ ನಾಲ್ಕು ಸೆಕೆಂಡು. ಕಮಲದ ಎಸಳುಗಳೆಲ್ಲ ನಾಯ್ಸ್ ಇಲ್ಲದೆ ಬರುತ್ತವೆ. ಆಮೇಲೆ ಕ್ಯಾಮೆರಾ ಅಷ್ಟೇ ಹೊತ್ತು ಸುಮ್ಮನಿದ್ದರೆ ಗಾಬರಿಯಾಗಬೇಕಿಲ್ಲ. ನಾಯ್ಸ್ ಕಳೆಯಲು ಅದು ಒಂದು ಕತ್ತಲ ಚಿತ್ರವನ್ನು ತನ್ನಷ್ಟಕ್ಕೆ ತೆಗೆದುಕೊಳ್ಳುತ್ತಿರುತ್ತದೆ. ಆ ಹೊತ್ತಿನಲ್ಲಿ ಯಾರೂ ತುಳಿಯದಂತೆ ಕಾಯುವುದೇ ದೊಡ್ಡ ಕೆಲಸ.

ಕಲ್ಲು ಅಲುಗಾಡುವುದಿಲ್ಲ, ದೊಡ್ಡಾಟದ ಪಾತ್ರಧಾರಿ ಕುಣಿಯುತ್ತಾನೆ. ಜಾತ್ರೆಯ ರಾತ್ರಿ ರಂಗದ ಮುಂದೆ ಕುಳಿತಾಗ ಗುಡಿಯ ಲೆಕ್ಕ ನಡೆಯುವುದಿಲ್ಲ. ಕ್ಯಾಮೆರಾದ ಸ್ಟೆಬಿಲೈಸೇಷನ್ ನನ್ನ ಕೈಯ ನಡುಕವನ್ನು ತಡೆದೀತು, ಅವನ ಹೆಜ್ಜೆಯನ್ನಲ್ಲ. ಅಲ್ಲಿ ಷಟರ್ 1/100ಕ್ಕೆ ಗಟ್ಟಿ. ಸಂಭಾಷಣೆಗೆ ನಿಂತಾಗ 1/50. ಈ ಎರಡೇ ಅಂಕಿಗಳು ಯಾಕೆಂದರೆ, ನಮ್ಮ ವಿದ್ಯುತ್ 50 ಹರ್ಟ್ಸ್‌ನದ್ದು. ಅಗ್ಗದ ಎಲ್‌ಇಡಿ, ಟ್ಯೂಬ್‌ಲೈಟ್‌ಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. 1/100ರಲ್ಲಿ ಒಂದು ಮಿನುಗು ಪೂರ್ತಿ ಸಿಗುತ್ತದೆ, 1/50ರಲ್ಲಿ ಎರಡು. 1/60 ಅಥವಾ 1/250 ಇಟ್ಟರೆ ಅರೆಬರೆ ಸಿಕ್ಕು, ಒಂದು ಚಿತ್ರದಲ್ಲಿ ಮುಖ ಬೆಳ್ಳಗೆ, ಮುಂದಿನದರಲ್ಲಿ ಮಂಕು. ಮೊಬೈಲಿನಲ್ಲಾದರೆ ಅದು ಅಡ್ಡಪಟ್ಟಿಗಳಾಗಿಯೇ ಕಾಣುತ್ತದೆ. ಹಿಂದಿನ ಪರದೆ ಕಪ್ಪಾಗಿದ್ದರೆ ಇಲ್ಲಿಯೂ ಮೈನಸ್ 1. ಇಲ್ಲವಾದರೆ ಬಣ್ಣ ಹಚ್ಚಿದ ಮುಖ ಸುಣ್ಣದ ಗೋಡೆಯಾಗುತ್ತದೆ. ಐಎಸ್‌ಒ ಮೇಲ್ಮಿತಿಯನ್ನು ಅಂದು ಮಾತ್ರ 6400ಕ್ಕೆ ಬಿಚ್ಚುತ್ತೇನೆ.

ಈ ಕ್ಯಾಮೆರಾದ ಡಯಲ್‌ನಲ್ಲಿ ಎಂಆರ್ ಎಂಬ ಗುರುತಿದೆ, ಮೂರು ಹೊಂದಾಣಿಕೆಗಳನ್ನು ಅದರಲ್ಲಿ ನೆನಪಿಡಬಹುದು. ಒಂದರಲ್ಲಿ ಗುಡಿ, ಎರಡರಲ್ಲಿ ರಂಗ. ಮೂರನೆಯದು ಮನೆಯವರಿಗೆ: ಕಾಂಪೆನ್ಸೇಷನ್ ಸೊನ್ನೆ, ಎಲ್ಲವೂ ಕ್ಯಾಮೆರಾದ ಇಚ್ಛೆ. ಮದುವೆಮನೆಯಲ್ಲಿ ಯಾರಾದರೂ ಕ್ಯಾಮೆರಾ ಕೇಳಿದರೆ ಮೂರಕ್ಕೆ ತಿರುಗಿಸಿ ಕೊಡುತ್ತೇನೆ.