ಅಲ್-ಫೋಲಿಯೊ ಟೆಂಪ್ಲೇಟಿನಲ್ಲಿ ಸಂಶೋಧಕರ ವೆಬ್‌ಸೈಟ್: ಮೊದಲು ಇದ್ದ ಹಾಗೇ ಏರಿಸಿ

ಪ್ರಬಂಧಗಳ ಪಟ್ಟಿ, ಜುಪಿಟರ್ ನೋಟ್‌ಬುಕ್ (ಕೋಡ್ ಮತ್ತು ಅದರ ಫಲಿತಾಂಶ ಒಟ್ಟಿಗಿರುವ ಫೈಲ್), ಗಣಿತದ ಸಮೀಕರಣ ಮೂರೂ ಒಂದೇ ಕಡೆ ಬೇಕಿದ್ದರೆ ಸರಳ ಪಠ್ಯ ಫೈಲುಗಳಿಂದ ವೆಬ್‌ಪುಟ ಕಟ್ಟುವ ಜೆಕಿಲ್ ತಂತ್ರಾಂಶ ಆಧಾರಿತ ಅಲ್-ಫೋಲಿಯೊ ಟೆಂಪ್ಲೇಟ್ ಒಳ್ಳೆಯ ಆಯ್ಕೆ. ಫೋಟೊ, ಬಣ್ಣಗಳ ಗೋಜಿಗೆ ಆಮೇಲೆ ಹೋಗಿ. ಟೆಂಪ್ಲೇಟ್ ಇದ್ದ ಹಾಗೇ ಗಿಟ್‌ಹಬ್‌ನ ವೆಬ್‌ಸೈಟ್ ಸೇವೆಯಾದ ಗಿಟ್‌ಹಬ್ ಪೇಜಸ್‌ನಲ್ಲಿ ತೆರೆದುಕೊಳ್ಳಲಿ, ನಂತರ ಒಂದೊಂದೇ ಬದಲಿಸಿ. ಹತ್ತು ಕಡೆ ಕೈಯಾಡಿಸಿ ಒಟ್ಟಿಗೆ ಏರಿಸಿದರೆ ಎಡವಿದ್ದೆಲ್ಲಿ ಎಂದು ಹುಡುಕುವುದರಲ್ಲೇ ದಿನ ಮುಗಿಯುತ್ತದೆ.

ಟೆಂಪ್ಲೇಟಿನ ಗಿಟ್‌ಹಬ್ ಪುಟದಲ್ಲಿ ‘ಯೂಸ್ ದಿಸ್ ಟೆಂಪ್ಲೇಟ್’ ಒತ್ತಿ ಹೊಸ ರೆಪಾಸಿಟರಿ (ತಾಣದ ಫೈಲುಗಳೆಲ್ಲ ಇರುವ ಸಂಗ್ರಹ) ಮಾಡಿ. ಅದರ ಹೆಸರು: ನಿಮ್ಮ ಬಳಕೆದಾರ ಹೆಸರು, ಚುಕ್ಕೆ, ಗಿಟ್‌ಹಬ್, ಚುಕ್ಕೆ, ಐಒ. ಉಚಿತ ಖಾತೆಯಾದರೆ ಅದು ಪಬ್ಲಿಕ್ ಆಗಿರಲೇಬೇಕು. ಸೆಟ್ಟಿಂಗ್ಸ್‌ನ ಆಕ್ಷನ್ಸ್, ಜನರಲ್ ಒಳಗೆ ವರ್ಕ್‌ಫ್ಲೋ ಪರ್ಮಿಷನ್ಸ್ ಅನ್ನು ‘ರೀಡ್ ಅಂಡ್ ರೈಟ್’ ಮಾಡಿ ಉಳಿಸಿ. ಇದನ್ನು ಮರೆತರೆ ಬಿಲ್ಡ್ ಆದ, ಅಂದರೆ ಫೈಲುಗಳಿಂದ ಸಿದ್ಧಗೊಂಡ ಪುಟಗಳನ್ನು ಬರೆದಿಡಲು ಆಕ್ಷನ್‌ಗೆ (ಆ ಕೆಲಸವನ್ನು ತಾನಾಗಿ ಮಾಡುವ ಗಿಟ್‌ಹಬ್ ವ್ಯವಸ್ಥೆಗೆ) ಅನುಮತಿಯೇ ಇರುವುದಿಲ್ಲ.

ಮುಂದಿನದು ಕಾನ್ಫಿಗ್ ಫೈಲ್ (_config.yml), ತಾಣದ ಹೊಂದಿಕೆಗಳೆಲ್ಲ ಇರುವುದು ಇದರಲ್ಲಿ. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ‘ಯುಆರ್‌ಎಲ್’ ಸಾಲಿನಲ್ಲಿ ತಾಣದ ಪೂರ್ಣ ವಿಳಾಸ ಬರೆಯಿರಿ; ‘ಬೇಸ್‌ಯುಆರ್‌ಎಲ್’ ಸಾಲನ್ನು ಅಳಿಸದೆ, ಅದರಲ್ಲಿ ಕೋಲನ್ ನಂತರದ ಜಾಗವನ್ನಷ್ಟೇ ಖಾಲಿ ಬಿಡಿ. ರೆಪಾಸಿಟರಿಗೆ ಬೇರೆ ಹೆಸರಿಟ್ಟಿದ್ದರೆ ಮಾತ್ರ ಆ ಹೆಸರು ಓರೆಗೆರೆಯೊಂದಿಗೆ ಇಲ್ಲಿಗೆ ಬರುತ್ತದೆ. ಪುಟ ತೆರೆದುಕೊಂಡಿತು, ಆದರೆ ಅಲಂಕಾರವೆಲ್ಲ ಉದುರಿ ಬರೀ ಅಕ್ಷರ, ನೀಲಿ ಲಿಂಕು ಉಳಿದಿವೆ ಎಂದರೆ ಮೊದಲು ನೋಡಬೇಕಾದ್ದು ಈ ಎರಡು ಸಾಲು: ಬ್ರೌಸರ್ ಪುಟದ ಅಲಂಕಾರವಿರುವ ಸಿಎಸ್‌ಎಸ್ ಫೈಲನ್ನು ಇಲ್ಲದ ಜಾಗದಲ್ಲಿ ಹುಡುಕುತ್ತಿದೆ. ಕಾನ್ಫಿಗ್ ಇರುವುದು ಖಾಲಿ ಜಾಗಕ್ಕೂ ಅರ್ಥವಿರುವ ಯಾಮಲ್ ರೂಪದಲ್ಲಿ, ಆದ್ದರಿಂದ ಟ್ಯಾಬ್ ಒತ್ತಬೇಡಿ, ಕೋಲನ್ ನಂತರ ಒಂದು ಸ್ಪೇಸ್ ಬಿಡಿ.

ಕೆಲವು ನಿಮಿಷದಲ್ಲಿ ಬಿಲ್ಡ್ ಮುಗಿದು ‘ಜಿಎಚ್-ಪೇಜಸ್’ ಎಂಬ ಬ್ರಾಂಚ್ (ರೆಪಾಸಿಟರಿಯ ಪ್ರತ್ಯೇಕ ಕವಲು) ಹುಟ್ಟುತ್ತದೆ. ಸೆಟ್ಟಿಂಗ್ಸ್‌ನ ಪೇಜಸ್‌ನಲ್ಲಿ ಅದನ್ನೇ ಆರಿಸಿ, ನಿಮ್ಮ ಮೂಲ ಫೈಲುಗಳಿರುವ ‘ಮೇನ್’ ಅಲ್ಲ. ಮೇನ್ ಆರಿಸಿದರೆ ನಡೆಯುವುದು ಗಿಟ್‌ಹಬ್‌ನ ಮಾಮೂಲಿ ಬಿಲ್ಡ್. ಪ್ರಬಂಧಪಟ್ಟಿ ಕಟ್ಟುವ ಜೆಕಿಲ್-ಸ್ಕಾಲರ್ ಪ್ಲಗಿನ್ ಅದರಲ್ಲಿ ನಡೆಯುವುದಿಲ್ಲ. ಜಿಎಚ್-ಪೇಜಸ್‌ನಲ್ಲಿ ಕೈಯಾರೆ ತಿದ್ದಿದ್ದು ಮುಂದಿನ ಬಿಲ್ಡ್‌ಗೆ ಅಳಿಸಿಹೋಗುತ್ತದೆ, ತಿದ್ದುವುದೆಲ್ಲ ಮೇನ್‌ನಲ್ಲೇ.

ಪ್ರಬಂಧಗಳು ಬಿಬ್ಲಿಯಾಗ್ರಫಿ ಫೋಲ್ಡರಿನ ಪೇಪರ್ಸ್ ಫೈಲಿಗೆ ಬಿಬ್‌ಟೆಕ್ ಎಂಬ ಉಲ್ಲೇಖಪಟ್ಟಿಯ ರೂಪದಲ್ಲಿ ಹೋಗುತ್ತವೆ. ಒಂದು ನಮೂದಿಗೆ ‘ಸೆಲೆಕ್ಟೆಡ್’ ಟ್ರೂ ಎಂದು ಸೇರಿಸಿದರೆ ಅದು ಮುಖಪುಟದ ಆಯ್ದ ಪಟ್ಟಿಗೂ ಬರುತ್ತದೆ. ಕಾನ್ಫಿಗ್‌ನ ಸ್ಕಾಲರ್ ಭಾಗದಲ್ಲಿ ನಿಮ್ಮ ಹೆಸರನ್ನು ಪ್ರಬಂಧದಲ್ಲಿ ಇರುವಂತೆಯೇ, ಇನಿಶಿಯಲ್ ಸಮೇತ ಕೊಡಿ, ಇಲ್ಲವಾದರೆ ಲೇಖಕರ ಸಾಲಿನಲ್ಲಿ ಅದು ಎದ್ದು ಕಾಣದು.

ನೋಟ್‌ಬುಕ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ತಾಣ ನಿಮ್ಮ ಕೋಡನ್ನು ಓಡಿಸುವುದಿಲ್ಲ. ಫೈಲಿನಲ್ಲಿ ಉಳಿದಿರುವ ಫಲಿತಾಂಶವನ್ನಷ್ಟೇ ತೋರಿಸುತ್ತದೆ. ಏರಿಸುವ ಮೊದಲು ಕರ್ನೆಲ್ (ಕೋಡ್ ಓಡಿಸುವ ಎಂಜಿನ್) ಮರುಶುರು ಮಾಡಿ ಎಲ್ಲ ಸೆಲ್‌ಗಳನ್ನೂ ಮೇಲಿನಿಂದ ಓಡಿಸಿ, ಉಳಿಸಿ. ಡೇಟಾ ಫೈಲನ್ನು ಜೊತೆಗೆ ತುರುಕಬೇಡಿ, 100 ಎಂಬಿ ಮೀರಿದ ಫೈಲನ್ನು ಗಿಟ್‌ಹಬ್ ತಿರಸ್ಕರಿಸುತ್ತದೆ.

ಸಮೀಕರಣ ಅರ್ಧಂಬರ್ಧ ಮಾಯವಾದರೆ ಸಮೀಕರಣ ಬರೆಯುವ ಭಾಷೆಯಾದ ಲೇಟೆಕ್ ಅನ್ನು ದೂರಬೇಡಿ. ಜೋಡಿ ಆವರಣ {{ ಕಂಡರೆ ಜೆಕಿಲ್‌ನ ಟೆಂಪ್ಲೇಟ್ ಭಾಷೆಯಾದ ಲಿಕ್ವಿಡ್ ಅದನ್ನು ತನ್ನದೆಂದುಕೊಂಡು ನುಂಗುತ್ತದೆ. ಎರಡರ ನಡುವೆ ಸ್ಪೇಸ್ ಕೊಟ್ಟು { { ಎಂದು ಬರೆದರೆ ಸಾಕು, ಲೇಟೆಕ್‌ಗೆ ಎರಡೂ ಒಂದೇ.