ಅಜ್ಜಿಯ ಹೆಸರನ್ನು ಮಗುವಿಗೆ ಇಡುವ ಮೊದಲು

ನಮ್ಮ ಮನೆಯ ಅಟ್ಟದಲ್ಲಿ ಒಂದು ಹಿತ್ತಾಳೆ ಬಿಂದಿಗೆ ಇತ್ತು. ಅದರ ಕತ್ತಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೊಡೆದು ಬರೆದ ಅಕ್ಷರ: ಹೊನ್ನಮ್ಮ. ನಮ್ಮಜ್ಜಿಗೆ ತವರಿನವರು ಮದುವೆಯಲ್ಲಿ ಕೊಟ್ಟದ್ದು. ಮಗಳು ಬಸುರಿಯಾಗಿ ಮನೆಗೆ ಬಂದಿದ್ದಾಗ ಒಂದು ಮಧ್ಯಾಹ್ನ ಹುಣಸೆಹಣ್ಣು ಹಾಕಿ ಆ ಬಿಂದಿಗೆ ಬೆಳಗುತ್ತಿದ್ದೆ. ಅವಳು ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಹೆಸರಿನ ಪಟ್ಟಿ ಓದುತ್ತಿದ್ದಳು. ಓದಿ ಓದಿ ಸಾಕಾಗಿ ಬಿಂದಿಗೆ ಕಡೆ ನೋಡಿ, "ಇದ್ಯಾಕಮ್ಮ ಇಡಬಾರದು?" ಅಂದಳು. ಈಗ ನನ್ನ ಮೊಮ್ಮಗಳು ಹೊನ್ನಮ್ಮನಿಗೆ ನಾಲ್ಕು ವರ್ಷ.

ನಾನು ಚಾಮರಾಜನಗರ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 33 ವರ್ಷ ಹಾಜರಿ ಕೂಗಿದವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಜರಿ ಪುಸ್ತಕದ ತುಂಬ ಪುಟ್ಟಮಾದಮ್ಮ, ನಂಜುಂಡ, ರಂಗಸ್ವಾಮಿ, ಸಿದ್ದಮ್ಮ, ಮಹದೇವ. ಪುಟ ನೋಡಿದರೆ ಸುತ್ತಲಿನ ಬೆಟ್ಟ, ಹೊಳೆ, ಜಾತ್ರೆ ಎಲ್ಲ ಕಾಣುತ್ತಿತ್ತು. ನಿವೃತ್ತಿಯಾಗುವ ಹೊತ್ತಿಗೆ ಒಂದೇ ಕೊಠಡಿಯಲ್ಲಿ ಮೂವರು ಸಾನ್ವಿ. ಸಾನ್ವಿ ಕೇಳಲು ಹಿತವಾದ ಹೆಸರೇ, ಆದರೆ ಮಗು ಯಾವ ಊರಿನದು, ಯಾರ ಮನೆಯದು ಅಂತ ಆ ಹೆಸರಿನಿಂದ ನನಗೆ ತಿಳಿಯುತ್ತಿರಲಿಲ್ಲ. ಮೊಮ್ಮಗಳಿಗೆ ಹೆಸರಿಟ್ಟ ಮೇಲೆ, ನಮಗೂ ಹಳೇ ಹೆಸರು ಬೇಕು, ಹೇಗೆ ಹುಡುಕೋದು ಟೀಚರ್ ಅಂತ ನನ್ನ ಹಳೇ ವಿದ್ಯಾರ್ಥಿಗಳೇ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಮನೆಯಲ್ಲೇ ಹುಡುಕಿ. ಹಳೇ ಪಹಣಿ, ಕ್ರಯಪತ್ರ, ವಿಭಾಗಪತ್ರ, ಮಾಸಿದ ಲಗ್ನಪತ್ರಿಕೆ, ಟ್ರಂಕಿನ ತಳದಲ್ಲಿರುವ ಟಿ.ಸಿ. ಎಲ್ಲವನ್ನೂ ತೆಗೆಯಿರಿ. ಆದರೆ ಗಂಡಸರ ಹೆಸರು ಪತ್ರದಲ್ಲಿ ಸಿಗುತ್ತವೆ, ಹೆಂಗಸರದು ಪಾತ್ರೆಯ ಮೇಲೆ. ಕೊಳದಪ್ಪಲೆ, ತಂಬಿಗೆ, ಗಂಗಾಳ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ತಾಯಿಯ ಕಡೆಯ ಮನೆಗೂ ಹೋಗಿ. ಮುತ್ತಜ್ಜಿಯ ಹೆಸರೇನು ಅಂತ ಕೇಳಿದರೆ ಬಹಳ ಮನೆಗಳಲ್ಲಿ "ಹಿರೀ ಸೊಸೆ ಅಂತಿದ್ರು" ಅಂದುಬಿಡುತ್ತಾರೆ. ಅಷ್ಟಕ್ಕೆ ಬಿಡಬೇಡಿ. ಊರಲ್ಲಿ ಎಂಬತ್ತು ದಾಟಿದ ಒಬ್ಬರಾದರೂ ಇರುತ್ತಾರೆ, ಅವರ ಬಾಯಲ್ಲಿ ಆ ಹೆಸರು ಇರುತ್ತದೆ. ಹೆಸರಿನ ಜೊತೆಗೆ ಆ ಹೆಂಗಸು ಹೇಗಿದ್ದಳು ಅನ್ನುವುದೂ ಬರುತ್ತದೆ. ನಮ್ಮಜ್ಜಿ ಹೊನ್ನಮ್ಮ ಸೂಲಗಿತ್ತಿ ಬರುವ ಮುಂಚೆಯೇ ಅರ್ಧ ಕೆಲಸ ಮುಗಿಸುತ್ತಿದ್ದಳಂತೆ. ನನಗೆ ಅದು ಗೊತ್ತಾದದ್ದು ಮೊಮ್ಮಗಳ ಹೆಸರಿನ ವಿಚಾರ ಕೇಳಲು ಹೋದಾಗಲೇ.

ಹೆಸರು ಸಿಕ್ಕ ಮೇಲೆ ಅದು ಬಂದ ದಾರಿ ನೋಡಬೇಕು. ನಮ್ಮ ಹಳೇ ಹೆಸರುಗಳಲ್ಲಿ ಮುಕ್ಕಾಲು ಪಾಲು ದೇವರ ಗುಡ್ಡದಿಂದ ಇಳಿದು ಬಂದವು. ನಮ್ಮ ಕಡೆ ಮಾದಪ್ಪ, ಮಾದಮ್ಮ ಅಂದರೆ ಮಲೆ ಮಹದೇಶ್ವರ. ರಂಗಮ್ಮ ಅಂದರೆ ಬಿಳಿಗಿರಿರಂಗ. ಸಿದ್ದಮ್ಮ, ಸಿದ್ದರಾಜು ಅಂದರೆ ಚಿಕ್ಕಲ್ಲೂರಿನ ಸಿದ್ದಪ್ಪಾಜಿ. ಸವದತ್ತಿಯ ಕಡೆ ಹೋದರೆ ಯಲ್ಲಪ್ಪ, ಯಲ್ಲವ್ವ. ಕೊಟ್ಟೂರಿನ ಸುತ್ತ ಕೊಟ್ರೇಶ, ಕೊಟ್ರಮ್ಮ. ಕೊಪ್ಪಳದಲ್ಲಿ ಗವಿಸಿದ್ದಪ್ಪ. ಗೋಕರ್ಣದ ಮಹಾಬಲೇಶ್ವರ ಉತ್ತರ ಕನ್ನಡದ ಮನೆಗಳಲ್ಲಿ ಮಾಬ್ಲ ಆಗಿದ್ದಾನೆ.

ನಿಘಂಟಿನ ಅರ್ಥ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ನಂಜು ಅಂದರೆ ವಿಷ, ಹಾಗಾದರೆ ನಂಜಮ್ಮ ಅಂದರೇನು ಅಂತ ಒಬ್ಬ ಹುಡುಗ ಗಾಬರಿಯಿಂದ ಕೇಳಿದ್ದ. ನಂಜನ್ನು ಉಂಡವನು ನಂಜುಂಡ, ಅವನ ಊರು ನಂಜನಗೂಡು, ಆ ದೇವರಿಗೆ ಹರಕೆ ಹೊತ್ತವರ ಮಗಳು ನಂಜಮ್ಮ. ಹೀಗೇ ಶಿಕಾರಿಪುರದ ಆಂಜನೇಯ ಹುಚ್ಚೂರಾಯ. ಆ ಸೀಮೆಯ ಹಳೇ ಹುಚ್ಚೂರಾಯಪ್ಪಂದಿರು ಭಕ್ತಿಯಿಂದ ಹೊತ್ತ ಹೆಸರು ಅದು. ಆದರೆ ಇವತ್ತಿನ ಶಾಲೆಯ ಅಂಗಳದಲ್ಲಿ ಆ ಮಗುವಿನ ಗತಿ ಏನು ಅಂತ ನನಗೆ ಗೊತ್ತು, ನಾನು ಅಲ್ಲೇ ನಿಂತು ನೋಡಿದವಳು. ಅಂಥ ಕಡೆ ಹೆಸರನ್ನು ಪೂರ್ತಿ ಕೈಬಿಡಬೇಕಾಗಿಲ್ಲ. ಈ ಹುಚ್ಚೂರಾಯನಿಗೇ ಭ್ರಾಂತೇಶ ಅಂತಲೂ ಹೆಸರು. ಶಿಕಾರಿಪುರದ ಭ್ರಾಂತೇಶ, ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ ಮೂವರು ಆಂಜನೇಯರನ್ನೂ ಆ ಕಡೆಯವರು ಒಟ್ಟಿಗೆ ನೆನೆಯುತ್ತಾರೆ. ಕಾಂತೇಶ ಅಂತ ಇಟ್ಟರೆ ಮನೆದೇವರ ನಂಟೂ ಉಳಿಯುತ್ತದೆ, ಮಗುವೂ ನೆಮ್ಮದಿಯಾಗಿರುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಆ ಹೆಸರು ಹೊತ್ತವರು ಬದುಕಿದ್ದರೆ ಅವರನ್ನು ಕೇಳಿ. ಇಲ್ಲದಿದ್ದರೆ ಅವರನ್ನು ಬಲ್ಲವರನ್ನು ಕೇಳಿ. ನನ್ನ ಮಗಳು ಹುಟ್ಟಿದಾಗ ನನ್ನನ್ನು ಸಾಕಿ ಓದಿಸಿದ ದೊಡ್ಡಮ್ಮನ ಹೆಸರಿಡಬೇಕು ಅಂತ ನನ್ನ ಆಸೆ. ದೊಡ್ಡಮ್ಮನ ಹೆಸರು ಸಾಕಮ್ಮ. ಸಾಕಿದವಳು ಸಾಕಮ್ಮ, ಇದಕ್ಕಿಂತ ಒಪ್ಪುವ ಹೆಸರು ಉಂಟೇ ಅಂದುಕೊಂಡಿದ್ದೆ. ಅವಳು ಬಾಣಂತಿ ಕೋಣೆಯ ಹೊಸಿಲಲ್ಲಿ ನಿಂತು ಹೇಳಿದಳು: "ಬ್ಯಾಡ ಕಣವ್ವ. ನಾಕನೇ ಹೆಣ್ಣು ನಾನು. ಇನ್ನು ಸಾಕು ಅಂತ ಮಡಗಿದ್ದು ಅದು. ಆ ಕೂಸ್ಗೆ ಬ್ಯಾಡ." ನಲವತ್ತು ವರ್ಷ ಆ ಹೆಸರು ಹಿಡಿದು ಕರೆದಿದ್ದೇವೆ, ಯಾರೂ ಒಮ್ಮೆಯೂ ಕೇಳಿರಲಿಲ್ಲ. ನಿನಗೆ ಯಾವ ಹೆಸರು ಇಷ್ಟ ಇತ್ತು ದೊಡ್ಡಮ್ಮ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಪದುಮ" ಅಂದಳು. ನನ್ನ ಮಗಳ ಹೆಸರು ಪದ್ಮ.

ತಿಪ್ಪಯ್ಯ, ಗುಂಡಪ್ಪ, ಕಲ್ಲಪ್ಪ ಮುಂತಾದವನ್ನೂ ಇದೇ ಕಣ್ಣಿನಿಂದ ನೋಡಿ. ಹುಟ್ಟಿದ ಮಕ್ಕಳೆಲ್ಲ ತೀರಿಕೊಂಡ ಮನೆಯಲ್ಲಿ, ಈ ಒಂದಾದರೂ ಉಳಿಯಲಿ, ಯಮನ ಕಣ್ಣು ಬೀಳದಿರಲಿ ಅಂತ ತಿಪ್ಪೆಯ ಹೆಸರು, ಕಲ್ಲಿನ ಹೆಸರು ಇಡುತ್ತಿದ್ದರು. ಅವು ತಾಯಂದಿರ ಕಣ್ಣೀರಿನ ಹೆಸರುಗಳು. ಆದರೆ ಚಿತ್ರದುರ್ಗದ ಕಡೆಯ ತಿಪ್ಪೇಸ್ವಾಮಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರೂ ಆಗಿರಬಹುದು. ನಿಮ್ಮ ಮನೆಯಲ್ಲಿ ಯಾವುದು ಅಂತ ತಿಳಿದೇ ಮುಂದುವರಿಯಿರಿ.

ಇನ್ನು ಬಾಲದ ವಿಷಯ. ಈಗಿನವರು ಅಮ್ಮ, ಅವ್ವ, ಅಪ್ಪ, ಅಯ್ಯ ಕತ್ತರಿಸಿ ಕೆಂಪ, ಹೊನ್ನ, ಮಾದ ಅಂತ ಉಳಿಸಿಕೊಂಡರೆ ಚೆನ್ನ ಅನ್ನುತ್ತಾರೆ. ನನಗೆ ಮನಸ್ಸು ಒಪ್ಪುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಯಾರ ಹೆಸರಿಗೆ ಅಪ್ಪ, ಅಮ್ಮ ಸೇರಿಸಬೇಕು, ಯಾರನ್ನು ಬರೀ ಬೋರ, ಕೆಂಪಿ ಅಂತ ಕೂಗಬಹುದು ಅನ್ನುವುದನ್ನು ಜಾತಿ ತೀರ್ಮಾನಿಸುತ್ತಿತ್ತು. ತುಳುನಾಡಿನಲ್ಲಿ ಕೀಳಾಗಿ ಕಂಡ ಜಾತಿಗಳ ಮನೆಗಳಲ್ಲಿ ಹುಟ್ಟಿದ ವಾರದ ಹೆಸರೇ ಮಗುವಿನ ಹೆಸರಾಗುತ್ತಿತ್ತು: ಭಾನುವಾರದ ಐತ, ಮಂಗಳವಾರದ ಅಂಗಾರ, ಶುಕ್ರವಾರದ ತುಕ್ರ, ಶನಿವಾರದ ತನಿಯ. ಅಂಥ ಹೆಸರಿನ ಅಜ್ಜಂದಿರು ಆ ಕರೆಯಲ್ಲಿ ಎಷ್ಟು ತಾತ್ಸಾರ ಉಂಡರೋ ಅವರ ಮೊಮ್ಮಕ್ಕಳಿಗೆ ಗೊತ್ತು. ಅವರು ಹಳೇ ಹೆಸರು ಬೇಡ, ಹೊಳೆಯುವ ಹೊಸ ಹೆಸರೇ ಬೇಕು ಅಂದರೆ ಅದು ಅವರ ಹಕ್ಕು, ಅದನ್ನು ಫ್ಯಾಷನ್ ಅಂತ ಯಾರೂ ಜರಿಯಬಾರದು. ಬೇರೆಯವರ ಮನೆಯ ಇಂಥ ಹೆಸರನ್ನು ಚಂದ ಕೇಳಿಸುತ್ತದೆ ಅಂತ ಎತ್ತಿಕೊಳ್ಳುವುದೂ ನನಗೆ ಸರಿ ಕಾಣುವುದಿಲ್ಲ. ಹೊನ್ನಮ್ಮ ಪೂರ್ತಿ ಹೊನ್ನಮ್ಮನಾಗಿಯೇ ಇದ್ದಾಳೆ. ಎಳೇ ಕೂಸನ್ನೇ ಬಾರಮ್ಮ, ಬಾರವ್ವ ಅನ್ನುವ ಸೀಮೆ ನಮ್ಮದು, ಮಗುವಿಗೆ ಅದು ಭಾರವಲ್ಲ.

ಮನೆಯಲ್ಲಿ ಒಪ್ಪುವ ಹೆಸರು ಸಿಗದವರು ಶಾಸನಗಳ ಕಡೆ ನೋಡಬಹುದು. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಇವೆ. ನಿಮ್ಮ ತಾಲ್ಲೂಕಿನ ಪುಟ ತೆಗೆದರೆ ನಿಮ್ಮ ಕೆರೆ ಕಟ್ಟಿಸಿದವರ, ನಿಮ್ಮ ಊರಿನ ದನ ಕಾಯಲು ಸತ್ತವರ ಹೆಸರು ಸಿಗುತ್ತದೆ. 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಹತ್ತನೆಯ ಶತಮಾನದಲ್ಲಿ ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆ. ಜಕ್ಕಿ ಅಂದರೆ ಯಕ್ಷಿಯೇ, ಕನ್ನಡದ ನಾಲಿಗೆಯಲ್ಲಿ ಮೆತ್ತಗಾದದ್ದು. ಶರಣೆಯರಲ್ಲಿ ಮುಕ್ತಾಯಕ್ಕ, ಸತ್ಯಕ್ಕ, ದುಗ್ಗಳೆ. ಕವಿ ರನ್ನ ತನಗೆ ಆಸರೆಯಾದ ಚಾವುಂಡರಾಯನ ನೆನಪಿಗೆ ಮಗನನ್ನು ರಾಯ ಅಂತಲೂ ಅತ್ತಿಮಬ್ಬೆಯ ನೆನಪಿಗೆ ಮಗಳನ್ನು ಅತ್ತಿಮಬ್ಬೆ ಅಂತಲೂ ಕರೆದ. ಋಣ ನೆನೆದು ಹೆಸರಿಡುವ ಈ ಕ್ರಮ ನನಗೆ ಬಹಳ ಹಿಡಿಸುತ್ತದೆ. ಆದರೆ ಶಾಸನವನ್ನು ಕೊನೆಯ ಸಾಲಿನ ತನಕ ಓದಿ. ಹೆಗ್ಗಡದೇವನಕೋಟೆ ಕಡೆಯ ಬೆಳತೂರಿನ 1057ರ ಶಾಸನದ ದೇಕಬ್ಬೆ ಎಂಬ ಹೆಸರಿಗೆ ಮನಸೋತ ಒಬ್ಬ ತಾಯಿಗೆ, ಆ ಹುಡುಗಿ ಗಂಡನ ಸಾವಿನ ನಂತರ ಬೆಂಕಿಗೆ ಬಿದ್ದವಳು ಅಂತ ನಾನೇ ಹೇಳಬೇಕಾಯಿತು. ಅವರು ಬೇರೆ ಹೆಸರು ಹುಡುಕಿದರು.

ನಮ್ಮ ಹೆಸರಿನ ಬೇರೂ ಆಗಲೇ ನನಗೆ ಕಂಡಿತು. ಹಳಗನ್ನಡದ ಪಕಾರ ಮುಂದೆ ಹಕಾರವಾಯಿತು: ಪಾಲು ಹಾಲಾಯಿತು, ಪೂವು ಹೂವಾಯಿತು, ಪೊನ್ನು ಹೊನ್ನಾಯಿತು. ಕವಿ ಪೊನ್ನನ ಹೆಸರೂ ನಮ್ಮಜ್ಜಿಯ ಹೆಸರೂ ಒಂದೇ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿಯುತ್ತಿದ್ದು ಕವಿಯಾದ ಹೊನ್ನಮ್ಮ ನಮ್ಮ ಪಕ್ಕದ ಯಳಂದೂರಿನವಳು. ಮೊಮ್ಮಗಳು ದೊಡ್ಡವಳಾದ ಮೇಲೆ ಹೇಳಲು ಇಷ್ಟು ಕಥೆ ಸಾಕು.

ಹೆಸರನ್ನು ಕೂಗಿ ನೋಡಿ. ಹಿತ್ತಿಲಲ್ಲಿ ನಿಂತು ಮುಂಬಾಗಿಲಿಗೆ ಕೇಳುವಂತೆ, ಸಿಟ್ಟಿನಲ್ಲಿ ಒಮ್ಮೆ, ಮುದ್ದಿನಲ್ಲಿ ಒಮ್ಮೆ. ಮನೆಯವರು ಅದನ್ನು ಹೇಗೆ ಮೊಟಕು ಮಾಡುತ್ತಾರೆ ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ನಮ್ಮ ಊರವರು ಹಕಾರ ಬಿಟ್ಟು ವೊನ್ನಮ್ಮ ಅನ್ನುತ್ತಾರೆ, ಬೆಂಗಳೂರಿನ ಮಕ್ಕಳು ಹೊನ್ನು ಅನ್ನುತ್ತಾರೆ, ಎರಡೂ ಸರಿಯೇ. ಇಂಗ್ಲಿಷಿನಲ್ಲಿ ಬರೆದು ಕನ್ನಡ ಬಾರದ ಒಬ್ಬರ ಕೈಲಿ ಓದಿಸಿ. ಳ, ಲ ಎರಡಕ್ಕೂ ಅಲ್ಲಿ ಒಂದೇ ಅಕ್ಷರ, ಣ, ನ ಕೂಡ ಹಾಗೇ. ಬೆಳ್ಳಿ ಎಂಬ ಚಂದದ ಹೆಸರು ಹೊರದೇಶದಲ್ಲಿ ಹೊಟ್ಟೆ ಅಂತ ಕೇಳಿಸುತ್ತದೆ. ಮಕ್ಕಳು ಅಲ್ಲಿ ಬೆಳೆಯುವವರಾದರೆ ಇದನ್ನು ಯೋಚಿಸಿ.

ನಕ್ಷತ್ರದ ಅಕ್ಷರಕ್ಕೆ ಹೆದರಿ ಒಳ್ಳೆ ಹೆಸರು ಬಿಡಬೇಡಿ. ನಮ್ಮ ಕೂಸು ಆರ್ದ್ರಾ ಮೂರನೇ ಪಾದ. ಆ ನಕ್ಷತ್ರದ ನಾಲ್ಕು ಪಾದಗಳಿಗೆ ಕ್ರಮವಾಗಿ ಕು, ಘ, ಙ, ಛ. ಙ ಅಕ್ಷರದಿಂದ ಯಾರು ತಾನೇ ಹೆಸರಿಟ್ಟಾರು? ಪುರೋಹಿತರೇ ಕುಮುದಿನಿ ಅಂತ ಜಾತಕನಾಮ ಹೇಳಿದರು. ತಟ್ಟೆಯ ಅಕ್ಕಿಯ ಮೇಲೆ ಅಪ್ಪ ಉಂಗುರದಿಂದ ಎರಡೂ ಹೆಸರು ಬರೆದ, ಕಿವಿಯಲ್ಲಿ ಹೊನ್ನಮ್ಮ ಅಂತ ಮೂರು ಸಲ ಹೇಳಿದ.

ಕಚೇರಿಯ ಕೆಲಸಕ್ಕೆ ಅವಸರ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಲೇಬೇಕು, ಆದರೆ ಹೆಸರಿಲ್ಲದೆಯೂ ನೋಂದಾಯಿಸಬಹುದು. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೆ ಶುಲ್ಕ ಕೊಟ್ಟು 15 ವರ್ಷದವರೆಗೂ ಅವಕಾಶ ಇದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಆದ್ದರಿಂದ ಕನ್ನಡ, ಇಂಗ್ಲಿಷ್ ಎರಡರ ಕಾಗುಣಿತವನ್ನೂ ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಟ್ಟು, ಟೈಪ್ ಆದದ್ದನ್ನು ಅಲ್ಲೇ ನಿಂತು ಓದಿ. ನಮ್ಮದರಲ್ಲಿ ಮೊದಲ ಸಲ ‘ಹೊನಮ್ಮ’ ಅಂತ ಬಂದಿತ್ತು, ಅಳಿಯ ಅಲ್ಲೇ ನೋಡಿ ತಿದ್ದಿಸಿದ.

ಬಿಂದಿಗೆ ಈಗ ಬೆಂಗಳೂರಿನ ಮನೆಯ ಬಾಗಿಲ ಪಕ್ಕದಲ್ಲಿದೆ. ಮೊಮ್ಮಗಳು ಆ ಚುಕ್ಕಿಗಳ ಮೇಲೆ ಬೆರಳಾಡಿಸುತ್ತಾ ಅಕ್ಷರ ಕಲಿಯುತ್ತಿದ್ದಾಳೆ. ಹೊ ಬಂದಿದೆ, ಒತ್ತಕ್ಷರ ಇನ್ನೂ ಬರಬೇಕು.