ಎಳೆಯ ಜಾಡು ಹಿಡಿದರೆ ಉಳಿಯುವ ಮರದ ಉಂಗುರ

ನಾನು ಮಾಡಿದ ಮೊದಲ ಮರದ ಉಂಗುರ ಮೂರು ವಾರವೂ ಬಾಳಲಿಲ್ಲ. ಗಟ್ಟಿ ಹಲಗೆಯ ತುಂಡಿಗೆ ತೂತು ಕೊರೆದು, ಸುತ್ತಲೂ ಅರದಿಂದ ಉಜ್ಜಿ, ಎಣ್ಣೆ ಹಚ್ಚಿ, ಗೆಳೆಯನೊಬ್ಬನ ನಿಶ್ಚಿತಾರ್ಥಕ್ಕೆ ಕೊಟ್ಟಿದ್ದೆ. ಒಂದು ದಿನ ಬಾಗಿಲಿನ ಹಿಡಿಕೆ ತಿರುಗಿಸುವಾಗ ಅದು ಎರಡು ಹೋಳಾಯಿತು. ಹೋಳುಗಳನ್ನು ಅವನು ಕಾಗದದಲ್ಲಿ ಸುತ್ತಿ ತಂದುಕೊಟ್ಟ. ಮೇಜಿನ ಮೇಲಿಟ್ಟು ಜೋಡಿಸಿ ನೋಡಿದೆ. ಮುರಿದ ಎರಡು ಜಾಗಗಳೂ ಸರಿಯಾಗಿ ಎದುರುಬದುರಾಗಿದ್ದವು. ಎರಡೂ ಕಡೆ ಮರದ ಎಳೆಗಳು ಉಂಗುರದ ಗೋಡೆಯನ್ನು ಅಡ್ಡಲಾಗಿ ದಾಟಿ ಹೋಗಿದ್ದವು.

ಮರದ ಉಂಗುರದ ಗುಟ್ಟೆಲ್ಲ ಆ ಎರಡು ಹೋಳುಗಳಲ್ಲೇ ಇತ್ತು. ಮರವೆಂದರೆ ಉದ್ದುದ್ದ ಎಳೆಗಳ ಕಟ್ಟು. ಉದ್ದಕ್ಕೆ ಎಳೆದರೆ ಅದು ಸುಲಭಕ್ಕೆ ಮಣಿಯುವುದಿಲ್ಲ, ಎಳೆಗಳ ನಡುವೆ ಬಾಯಿ ಬಿಡಿಸಿದರೆ ಸೀಳಿಹೋಗುತ್ತದೆ. ಸೌದೆ ಒಡೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಲಗೆಗೆ ತೂತು ಕೊರೆದು ಮಾಡಿದ ಉಂಗುರದಲ್ಲಿ ಎರಡು ಕಡೆ ಎಳೆಯ ಉದ್ದ ಬರೀ ಎರಡು ಮೂರು ಮಿ.ಮೀ. ಮಾತ್ರ ಉಳಿಯುತ್ತದೆ. ಮರ ಎಷ್ಟೇ ಗಟ್ಟಿಯಾಗಿರಲಿ, ಉಂಗುರ ಅಲ್ಲಿಯೇ ಮುರಿಯುತ್ತದೆ.

ಎಳೆಯನ್ನು ಕತ್ತರಿಸದೆ ಅದನ್ನೇ ಬೆರಳಿನ ಸುತ್ತ ಬಾಗಿಸುವುದು ಇದಕ್ಕೆ ಪರಿಹಾರ. ತೆಳುವಾದ ಮರದ ಪಟ್ಟಿಯನ್ನು ಬಿಸಿನೀರಿನಲ್ಲಿ ಮೆದು ಮಾಡಿ, ಮೂರು ನಾಲ್ಕು ಸುತ್ತು ಸುತ್ತಿ, ಸುತ್ತುಗಳ ನಡುವೆ ಅಂಟು ಹಾಕಿದರೆ ಎಳೆ ಉಂಗುರದ ಗುಂಟ ಓಡುತ್ತದೆ. ದುರ್ಬಲ ಜಾಗ ಎಂಬುದೇ ಉಳಿಯುವುದಿಲ್ಲ. ಈ ಬಾಗಿಸುವ ವಿದ್ಯೆ ಹೊಸದೇನಲ್ಲ. ಪೀಠೋಪಕರಣ ತಯಾರಕ ಮೈಕೆಲ್ ಥೋನೆಟ್ 1859ರಲ್ಲಿ ಹೊರತಂದ 14ನೇ ನಂಬರಿನ ಕುರ್ಚಿ ಹಬೆಯಲ್ಲಿ ಬೇಯಿಸಿ ಬಾಗಿಸಿದ ಬೀಚ್ ಮರದ್ದು. ಅಷ್ಟು ಸಣಕಲು ಕಾಲುಗಳ ಆ ಕುರ್ಚಿ ದೊಡ್ಡವರ ಭಾರ ಹೊರುವುದಕ್ಕೂ ನಮ್ಮ ಉಂಗುರ ಗಟ್ಟಿಯಾಗಿ ನಿಲ್ಲುವುದಕ್ಕೂ ಕಾರಣ ಒಂದೇ.

ಇನ್ನೊಂದು ಲಾಭವೂ ಇದೆ. ಮರ ತೇವ ಹೀರಿದಾಗ ಉಬ್ಬುವುದು ಅಗಲದಲ್ಲಿ. ಉದ್ದದಲ್ಲಿ ಹೆಚ್ಚುಕಡಿಮೆ ಏನೂ ಬದಲಾಗುವುದಿಲ್ಲ. ಕೊರೆದ ಉಂಗುರ ಮಳೆಗಾಲ ಬಂದಾಗ ಒಂದು ದಿಕ್ಕಿಗೆ ಮಾತ್ರ ಉಬ್ಬಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಸುತ್ತಿದ ಉಂಗುರದ ಸುತ್ತಳತೆಯೇ ಎಳೆಯ ಉದ್ದವಾದ್ದರಿಂದ ಅದರ ಒಳವ್ಯಾಸ ವರ್ಷವಿಡೀ ಬಹುತೇಕ ಹಾಗೆಯೇ ಇರುತ್ತದೆ.

ಯಾವ ಮರ?

ಮೊದಲ ಸಲ ಮಾಡುವವರು ವಾಲ್‌ನಟ್, ಚೆರ್ರಿ, ಓಕ್, ಮೇಪಲ್, ಬೀಚ್ ಇವುಗಳಲ್ಲಿ ಒಂದನ್ನು ಹಿಡಿಯಲಿ. ಇವು ಬಾಗಲು ಒಪ್ಪುತ್ತವೆ, ಅಂಟನ್ನೂ ಚೆನ್ನಾಗಿ ಹಿಡಿಯುತ್ತವೆ. ನನ್ನ ಮೆಚ್ಚಿನದು ವಾಲ್‌ನಟ್. ಕಂದು ಬಣ್ಣದಲ್ಲೇ ಹತ್ತಾರು ಛಾಯೆಗಳಿರುವುದರಿಂದ ಸುತ್ತುಗಳ ನಡುವಿನ ಅಂಟಿನ ಗೆರೆ ಕಣ್ಣಿಗೆ ಬೀಳುವುದಿಲ್ಲ. ಕರಿಮರ (ಎಬೊನಿ) ನೋಡಲು ಚೆಂದ, ಆದರೆ ಬಾಗಿಸುವಾಗ ಪಟ್ಟನೆ ತುಂಡಾಗುತ್ತದೆ. ತೇಗ, ಬೀಟೆಯಂತಹ ಎಣ್ಣೆಯಂಶದ ಮರಗಳನ್ನು ಅಂಟಿಸುವ ಮುನ್ನ ಅಸಿಟೋನಿನಿಂದ (ಉಗುರು ಬಣ್ಣ ಕರಗಿಸುವ ದ್ರಾವಕ) ಒರೆಸಬೇಕು, ಇಲ್ಲವಾದರೆ ಅಂಟು ಬಿಡುತ್ತದೆ.

ಬೀಟೆಯ ಬಗ್ಗೆ ಎರಡು ಎಚ್ಚರಿಕೆ. ಡಾಲ್ಬರ್ಜಿಯಾ ಕುಲದ ಈ ಮರಗಳ ಧೂಳು ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ. ಹಗಲೂ ರಾತ್ರಿ ಬೆರಳಿಗೆ ಅಂಟಿಕೊಂಡಿರುವ ವಸ್ತುವಿಗೆ ಇದು ಸಣ್ಣ ವಿಷಯವಲ್ಲ. ಜೊತೆಗೆ ಇಡೀ ಕುಲವೇ 2017ರ ಜನವರಿಯಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಎಲ್ಲಿಂದ ಬಂದಿತೆಂದು ಹೇಳಲಾಗದ ಮರದಿಂದ ಮದುವೆಯ ಉಂಗುರ ಮಾಡಬೇಡಿ. ಯೂ, ಕಣಗಿಲೆಯಂತಹ ವಿಷದ ಮರಗಳ ತಂಟೆಯಂತೂ ಬೇಡವೇ ಬೇಡ.

ಹೊಸ ಮರವನ್ನೇ ಕೊಳ್ಳಬೇಕೆಂದಿಲ್ಲ. ಅಜ್ಜಿ ತೂಗಿದ ತೊಟ್ಟಿಲಿನ ಮುರಿದ ಪಟ್ಟಿ, ಹಳೆಯ ಮೇಜಿನ ಕಾಲು, ಗಾಳಿಗೆ ಬಿದ್ದ ಹಿತ್ತಲಿನ ಮರದ ಕೊಂಬೆ ಇವುಗಳಿಂದಲೂ ತೆಳು ಪಟ್ಟಿ ಸೀಳಿಕೊಳ್ಳಬಹುದು. ಮರದ ಉಂಗುರಕ್ಕೆ ಚಿನ್ನಕ್ಕಿಲ್ಲದ ಹಿರಿಮೆ ಇದೆಯೆಂದರೆ ಅದು ಇಲ್ಲಿಯೇ: ಚಿನ್ನ ಕರಗಿದ ಮೇಲೆ ತನ್ನ ಹಳೆಯ ರೂಪ ಕಳೆದುಕೊಳ್ಳುತ್ತದೆ, ಮರದ ಗೆರೆಗಳು ತಾವು ಬೆಳೆದ ವರ್ಷಗಳನ್ನು ಹಾಗೆಯೇ ಇಟ್ಟುಕೊಂಡಿರುತ್ತವೆ. ಹಳೆಯ ಮರ ಬಾಗಲು ಹಟ ಮಾಡಿದರೆ ಒಳಸುತ್ತುಗಳನ್ನು ವಾಲ್‌ನಟ್‌ನಲ್ಲಿ ಸುತ್ತಿ, ಹೊರಗಿನ ಒಂದೇ ಸುತ್ತಿಗೆ ಅದನ್ನು ಬಳಸಿ. ಹಳೆಯ ಪೀಠೋಪಕರಣದ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಬಣ್ಣ ಬಳಿದ ಮೇಲ್ಮೈಯನ್ನು ಉಜ್ಜಿ ಧೂಳೆಬ್ಬಿಸಬೇಡಿ, ಆ ಪದರವನ್ನೇ ಬಿಟ್ಟು ಒಳಗಿನ ಮರ ತೆಗೆದುಕೊಳ್ಳಿ.

ಅಳತೆ

ಬೆರಳು ಇಡೀ ದಿನ ಒಂದೇ ಅಳತೆಯಲ್ಲಿ ಇರುವುದಿಲ್ಲ. ಬೆಳಗಿನ ಚಳಿಯಲ್ಲಿ ಸಣ್ಣ, ಸಂಜೆಗೆ ಅಥವಾ ಸೆಕೆಗೆ ತುಸು ದಪ್ಪ. ಸಂಜೆ ಅಳೆಯಿರಿ, ಗೆಣ್ಣನ್ನೂ ಅಳೆಯಿರಿ. ಉಂಗುರ ಗೆಣ್ಣು ದಾಟಬೇಕು, ದಾಟಿದ ಮೇಲೆ ಜಾರಬಾರದು. ಕಾಗದದ ಪಟ್ಟಿ ಸುತ್ತಿ ಸಿಕ್ಕ ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ಒಳವ್ಯಾಸ ಬರುತ್ತದೆ. ಅಂಗಡಿಗಳ ನಂಬರುಗಳು ಒಂದೊಂದು ದೇಶದಲ್ಲಿ ಒಂದೊಂದು ಬಗೆಯವು. ಅಂತರರಾಷ್ಟ್ರೀಯ ಮಾನಕ ಐಎಸ್ಒ 8653 ಉಂಗುರದ ಅಳತೆಯನ್ನು ಒಳಸುತ್ತಳತೆಯ ಮಿ.ಮೀ.ನಲ್ಲಿಯೇ ಹೇಳುತ್ತದೆ. ನೀವೂ ಹಾಗೆಯೇ ಬರೆದಿಟ್ಟುಕೊಳ್ಳಿ.

ಇನ್ನು ಪಟ್ಟಿಯ ಉದ್ದ. ಒಳವ್ಯಾಸ 18 ಮಿ.ಮೀ., ವೆನೀರ್ (ತೆಳುವಾಗಿ ಸೀಳಿದ ಮರದ ಹಾಳೆ) 0.6 ಮಿ.ಮೀ. ದಪ್ಪ, ನಾಲ್ಕು ಸುತ್ತು ಎಂದುಕೊಳ್ಳಿ. ಗೋಡೆಯ ದಪ್ಪ 2.4 ಮಿ.ಮೀ., ಸರಾಸರಿ ವ್ಯಾಸ 20.4 ಮಿ.ಮೀ. ಆಗುತ್ತದೆ. ಇದನ್ನು 3.14ರಿಂದಲೂ ನಾಲ್ಕರಿಂದಲೂ ಗುಣಿಸಿದರೆ ಸುಮಾರು 256 ಮಿ.ಮೀ. ತುದಿಗಳನ್ನು ಒಂದರ ಮೇಲೊಂದು ಕೂರಿಸಲು 15 ಮಿ.ಮೀ. ಸೇರಿಸಿ. ಸಿದ್ಧ ಉಂಗುರದ ಅಗಲ 6 ಮಿ.ಮೀ. ಬೇಕಿದ್ದರೆ ಪಟ್ಟಿಯ ಅಗಲ 10 ಮಿ.ಮೀ. ಇರಲಿ, ಅಂಚುಗಳು ಹೇಗೂ ಉಜ್ಜಿ ಹೋಗುತ್ತವೆ.

ಜೋಡಿಗೆ ಮಾಡುವುದಾದರೆ ಒಂದೇ ವೆನೀರಿನಲ್ಲಿ ಅಕ್ಕಪಕ್ಕದ ಎರಡು ಪಟ್ಟಿಗಳನ್ನು ಕತ್ತರಿಸಿ. ಒಬ್ಬರ ಉಂಗುರದ ಅಂಚಿನಲ್ಲಿ ನಿಂತ ಗೆರೆ ಇನ್ನೊಬ್ಬರ ಉಂಗುರದಲ್ಲಿ ಮುಂದುವರಿಯುತ್ತದೆ. ಅಂಚು ಉಜ್ಜುವಾಗ ಒಂದಿಷ್ಟು ಕಳೆದುಹೋದರೂ ಎರಡನ್ನೂ ಪಕ್ಕದಲ್ಲಿಟ್ಟರೆ ನೆಂಟಸ್ತನ ಗೊತ್ತಾಗುತ್ತದೆ.

ಬೇಯಿಸಿ ಸುತ್ತುವುದು

ಕತ್ತರಿಸುವ ಮುನ್ನ ಪಟ್ಟಿಯನ್ನು ಬೆಳಕಿಗೆ ಹಿಡಿದು ಎಳೆ ಓದಿ. ಗೆರೆಗಳು ಪಟ್ಟಿಯ ಉದ್ದಕ್ಕೂ ನೆಟ್ಟಗೆ ಹೋಗಬೇಕು. ಓರೆಯಾಗಿ ಅಂಚಿನಿಂದ ಹೊರಗೆ ಹೋಗಿದ್ದರೆ ಬಾಗಿಸುವಾಗ ಸಿಬಿರು ಏಳುವುದು ಅಲ್ಲಿಂದಲೇ. ಗಂಟು ಇರುವ ಭಾಗವನ್ನು, ಎಷ್ಟೇ ಚೆಂದವಿರಲಿ, ಬಿಟ್ಟುಬಿಡಿ. ಒಂದು ಉಂಗುರಕ್ಕೆ ಮೂರು ಪಟ್ಟಿ ಕತ್ತರಿಸಿಟ್ಟುಕೊಳ್ಳುವುದು ನನ್ನ ರೂಢಿ, ಮೂರನ್ನೂ ಬಳಸಬೇಕಾಗಿ ಬಂದ ದಿನಗಳಿವೆ.

ಪಟ್ಟಿಯ ಒಂದು ತುದಿಯ ಕೊನೆಯ 10 ಮಿ.ಮೀ. ಭಾಗವನ್ನು ಸ್ಯಾಂಡ್‌ಪೇಪರಿನಿಂದ ಇಳಿಜಾರಾಗಿ ಉಜ್ಜಿ, ಕೊನೆಗೆ ಕಾಗದದಷ್ಟು ತೆಳ್ಳಗಾಗಲಿ. ಒಳಗೆ ಹೋಗುವ ತುದಿ ಇದು. ಇದನ್ನು ಮರೆತರೆ ಎರಡನೆಯ ಸುತ್ತು ಅಲ್ಲಿ ಮೆಟ್ಟಿಲು ಹತ್ತುತ್ತದೆ, ಮೆಟ್ಟಿಲಿನ ಬುಡದಲ್ಲಿ ಸಂದು ಉಳಿಯುತ್ತದೆ.

ಕುದಿಯುವ ನೀರಿನಲ್ಲಿ ಪಟ್ಟಿಯನ್ನು ಹದಿನೈದು ಇಪ್ಪತ್ತು ನಿಮಿಷ ಮುಳುಗಿಸಿಡಿ. ಮರದ ಎಳೆಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಎಂಬ ವಸ್ತು ಬಿಸಿ ಮತ್ತು ತೇವ ಎರಡೂ ಸೇರಿದಾಗ ಮೆತ್ತಗಾಗುತ್ತದೆ, ತಣ್ಣಗಾಗಿ ಒಣಗಿದ ಮೇಲೆ ಹೊಸ ಆಕಾರದಲ್ಲಿ ಗಟ್ಟಿಯಾಗುತ್ತದೆ. ಹೊರತೆಗೆದ ಮೇಲೆ ಕೈಯಲ್ಲಿ ಸಮಯವಿರುವುದು ಕೆಲವೇ ಸೆಕೆಂಡು. ಬೆರಳಿನ ಅಳತೆಗಿಂತ ಸ್ವಲ್ಪ ಸಣ್ಣದಾದ ದುಂಡು ಕೋಲನ್ನು ಮೊದಲೇ ಹತ್ತಿರ ಇಟ್ಟುಕೊಂಡಿರಿ. ತೆಳುವಾದ ತುದಿಯನ್ನು ಕೋಲಿಗೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದು ಕೈಯಲ್ಲಿ ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿದು, ಕೋಲನ್ನು ತಿರುಗಿಸಿ. ಪಟ್ಟಿಯನ್ನು ಸುತ್ತಬೇಡಿ, ಕೋಲನ್ನೇ ಉರುಳಿಸಿ. ಎಳೆತ ಸಡಿಲವಾದ ಕಡೆಯಲ್ಲೇ ಮರ ಮಡಚಿಕೊಳ್ಳುತ್ತದೆ. ಹದವಾಗಿ ಬೆಂದ ಪಟ್ಟಿ ಒದ್ದೆ ತೊಗಲಿನಂತೆ ಸದ್ದಿಲ್ಲದೆ ಬರುತ್ತದೆ. ‘ಟಿಕ್’ ಎಂದು ಸಣ್ಣ ಸದ್ದು ಕೇಳಿದರೆ ನಿಲ್ಲಿಸಿ: ಹೊರಮೈಯಲ್ಲಿ ಒಂದು ಎಳೆ ಹರಿದಿದೆ. ಮತ್ತೆ ನೀರಿಗೆ ಹಾಕಿ, ಅಥವಾ ಇನ್ನೊಂದು ಪಟ್ಟಿ ತೆಗೆದುಕೊಳ್ಳಿ. ಆ ಸದ್ದನ್ನು ಕೇಳಿಯೂ ಮುಂದುವರಿದ ಉಂಗುರಗಳಲ್ಲಿ ಒಂದೂ ನನಗೆ ತೃಪ್ತಿ ಕೊಟ್ಟಿಲ್ಲ.

ಸುತ್ತಿದ ಮೇಲೆ ಬಟ್ಟೆಯ ಪಟ್ಟಿಯಿಂದಲೋ ರಬ್ಬರ್ ಬ್ಯಾಂಡಿನಿಂದಲೋ ಬಿಗಿದು ಒಂದು ಹಗಲು ಒಂದು ರಾತ್ರಿ ಒಣಗಲು ಬಿಡಿ. ಬಿಚ್ಚಿದಾಗ ಅದು ಗಡಿಯಾರದ ಸ್ಪ್ರಿಂಗಿನಂತೆ ಸುರುಳಿಯಾಗಿ ನಿಲ್ಲುತ್ತದೆ.

ಅಂಟು

ಈಗ ಅಳತೆಗೆ ಸರಿಯಾದ ಕೋಲು ಬೇಕು. ಅದಕ್ಕೆ ಪ್ಯಾಕಿಂಗ್ ಟೇಪ್ ಸುತ್ತಿ. ಅದಕ್ಕೆ ಅಂಟು ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಟೇಪಿನ ಸುತ್ತು ಹೆಚ್ಚು ಕಡಿಮೆ ಮಾಡಿ ಅಳತೆಯನ್ನೂ ಕೂದಲೆಳೆಯಷ್ಟು ಹೊಂದಿಸಬಹುದು. ಸೈನೊಆಕ್ರಿಲೇಟ್, ಅಂದರೆ ಎಲ್ಲರೂ ಬಲ್ಲ ಸೂಪರ್ ಗ್ಲೂ, ಈ ಕೆಲಸಕ್ಕೆ ಒಳ್ಳೆಯದು. ತೀರಾ ನೀರಿನಂತಿರದ, ಮಧ್ಯಮ ಗಟ್ಟಿಯದನ್ನು ಆರಿಸಿ. ಸುರುಳಿಯನ್ನು ಕೋಲಿಗೆ ಹಾಕಿ, ಅರ್ಧ ಸುತ್ತಿನಷ್ಟು ಬಿಚ್ಚಿ, ಒಂದೆರಡು ಹನಿ ಸವರಿ, ಎಳೆದು ಹಿಡಿದು ಸುತ್ತಿ, ಮೂವತ್ತು ಸೆಕೆಂಡು ಒತ್ತಿ ಹಿಡಿಯಿರಿ. ಆಮೇಲೆ ಮುಂದಿನ ಅರ್ಧ ಸುತ್ತು. ಅವಸರ ಬೇಡ, ಉಂಗುರದ ಆಯುಸ್ಸು ಈ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಕೊನೆಯ ತುದಿಯನ್ನೂ ಇಳಿಜಾರಾಗಿ ಉಜ್ಜಿ ಅಂಟಿಸಿ.

ಇಲ್ಲಿ ಹತ್ತಿಯ ಕೈಗವಸು ಹಾಕಿಕೊಳ್ಳಲೇಬೇಡಿ. ಹತ್ತಿಗೆ ಈ ಅಂಟು ತಾಗಿದರೆ ರಾಸಾಯನಿಕ ಕ್ರಿಯೆಯಿಂದ ಬಿಸಿಯೆದ್ದು ಚರ್ಮ ಸುಡಬಹುದು. ನೈಟ್ರೈಲ್ ಕೈಗವಸು, ತೆರೆದ ಕಿಟಕಿ, ಕಣ್ಣಿಗೆ ಕನ್ನಡಕ, ಇಷ್ಟು ಇರಲಿ.

ಉಜ್ಜುವುದು, ಹೊಳಪು

ಮಾಸ್ಕ್ ಇಲ್ಲದೆ ಈ ಹಂತಕ್ಕೆ ಬರಬೇಡಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು 1995ರಲ್ಲಿಯೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

120ರ (ನಂಬರು ಹೆಚ್ಚಿದಷ್ಟೂ ನಯ) ಸ್ಯಾಂಡ್‌ಪೇಪರನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ಉಂಗುರದ ಅಂಚುಗಳನ್ನು ಉಜ್ಜಿ, ಬೇಕಾದ ಅಗಲಕ್ಕೆ ತನ್ನಿ. ಹೊರಮೈಗೆ 240, 400, 600 ಎಂದು ನಯ ಮಾಡುತ್ತಾ ಹೋಗಿ. ಒಳಗಿನ ಅಂಚನ್ನು ಚೆನ್ನಾಗಿ ದುಂಡಾಗಿಸಿ. ಉಂಗುರ ಬೆರಳಿಗೆ ಹಿತವೆನಿಸುವುದು ಆ ಅಂಚಿನಿಂದ. ಆಗಾಗ ಬೆರಳಿಗೆ ಹಾಕಿ ನೋಡಿ, ಈಗ ಚೂರು ಸಡಿಲವೇ ಇರಲಿ. ಲೇಪದ ಪದರಗಳು ಒಳವ್ಯಾಸವನ್ನು ಕಾಲು ಮಿ.ಮೀ. ಆಸುಪಾಸು ತಿನ್ನುತ್ತವೆ.

ನಿಶ್ಚಿತಾರ್ಥದ ಉಂಗುರಕ್ಕೆ ಹರಳು ಬೇಕೆನ್ನುವವರಿಗೆ ಒಂದು ಮಾತು. ಲೋಹದಲ್ಲಿ ಮಾಡುವಂತೆ ಕೊಕ್ಕೆ ಎಬ್ಬಿಸಿ ಹರಳು ಹಿಡಿಸುವುದು ಮರಕ್ಕೆ ಒಗ್ಗದ ಕೆಲಸ. ಅದರ ಬದಲು ಒಂದು ಮಿ.ಮೀ. ಆಳದ ಕಾಲುವೆ ಕೊರೆದು ತಾಮ್ರದ ತಂತಿಯನ್ನೋ ಪುಡಿ ಮಾಡಿದ ಬಣ್ಣದ ಕಲ್ಲನ್ನೋ ಅಂಟಿನೊಡನೆ ತುಂಬಿ ಸಮ ಮಾಡಿದರೆ ಬಟ್ಟೆಗೆ ಸಿಕ್ಕಿಕೊಳ್ಳದ, ಉದುರದ ಅಲಂಕಾರವಾಗುತ್ತದೆ. ಹೆಸರು, ದಿನಾಂಕ ಬೇಕಿದ್ದರೆ ಒಳಮೈಯಲ್ಲಿ ಚೂಪಾದ ಪೆನ್ಸಿಲಿನಿಂದ ಬರೆಯಿರಿ. ಮೇಲೆ ಲೇಪ ಬಿದ್ದ ಮೇಲೆ ಅದು ಅಳಿಸುವುದಿಲ್ಲ.

ಲೇಪಕ್ಕೆ ಎರಡು ದಾರಿ. ಎಣ್ಣೆ ಮತ್ತು ಜೇನುಮೇಣ ಹಚ್ಚಿದರೆ ಮರವನ್ನೇ ಮುಟ್ಟಿದ ಹಿತ ಸಿಗುತ್ತದೆ, ಆದರೆ ಕೆಲವು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ತೆಳುವಾದ ಸೂಪರ್ ಗ್ಲೂವನ್ನೇ ಎಂಟು ಹತ್ತು ಪದರ ಸವರಿದರೆ ಗಾಜಿನಂತಹ ಹೊಳಪು ಬರುತ್ತದೆ, ನೀರೂ ಒಳಗಿಳಿಯುವುದಿಲ್ಲ. ದಿನವೂ ಧರಿಸುವ ಮದುವೆಯ ಉಂಗುರಕ್ಕೆ ನಾನು ಎರಡನೆಯದನ್ನೇ ಹೇಳುತ್ತೇನೆ. ಒಳಮೈ, ಹೊರಮೈ, ಅಂಚು ಒಂದನ್ನೂ ಬಿಡಬೇಡಿ, ನೀರು ನುಗ್ಗುವುದು ಹೆಚ್ಚಾಗಿ ಅಂಚಿನ ಅಂಟುಗೆರೆಗಳಿಂದ. ಪ್ರತಿ ಮೂರು ಪದರಕ್ಕೊಮ್ಮೆ 600ರಲ್ಲಿ ಹಗುರವಾಗಿ ಉಜ್ಜಿ, ಕೊನೆಗೆ ಪಾಲಿಶ್ ಪೇಸ್ಟಿನಿಂದ ತಿಕ್ಕಿ. ಎರಡು ದಿನ ಪೂರ್ತಿ ಗಟ್ಟಿಯಾಗಲು ಬಿಟ್ಟ ಮೇಲೆಯೇ ಬೆರಳಿಗೆ ಹಾಕಿ.

ಧರಿಸಿದ ಮೇಲೆ

ಸ್ನಾನ, ಪಾತ್ರೆ ತೊಳೆಯುವುದು, ಈಜು, ಭಾರ ಎತ್ತುವುದು ಇವುಗಳಿಗೆ ಮುಂಚೆ ತೆಗೆದಿಡಿ. ಉಗುರು ಬಣ್ಣ ತೆಗೆಯುವ ಅಸಿಟೋನ್ ತಾಗಿದರೆ ಲೇಪ ಕರಗುತ್ತದೆ. ಬೆರಳು ದಪ್ಪವಾದರೆ ಲೋಹದ ಉಂಗುರದಂತೆ ಇದನ್ನು ಹಿಗ್ಗಿಸಲಾಗದು, ಒಳಗೆ ಉಜ್ಜಿ ಒಂದಿಷ್ಟು ಜಾಗ ಮಾಡಬಹುದು, ಅಷ್ಟೇ. ಸಡಿಲವಾದರೆ ಒಳಗೆ ಮತ್ತೆರಡು ಪದರ ಲೇಪ ಸಾಕು. ಪೆಟ್ಟಾಗಿ ಬೆರಳು ಊದಿಕೊಂಡಾಗ ಇಕ್ಕಳದಿಂದ ಮುರಿದು ತೆಗೆಯಬಹುದೆಂಬುದು ಮರದ ಉಂಗುರದ ಒಳ್ಳೆಯ ಗುಣ.

ಆ ಗೆಳೆಯನ ಮದುವೆಗೆ ಸುತ್ತಿಕೊಟ್ಟ ವಾಲ್‌ನಟ್ ಉಂಗುರ ಐದು ವರ್ಷದ ನಂತರ ನನ್ನ ಮೇಜಿಗೆ ಮತ್ತೆ ಬಂತು. ಲೇಪ ಮಬ್ಬಾಗಿತ್ತು, ಒಂದು ಅಂಚಿನಲ್ಲಿ ಉಗುರಿನಷ್ಟು ಜಾಗದಲ್ಲಿ ನೀರಿನ ಕಲೆ ಇತ್ತು. ಅಂಟುಗೆರೆ ಎಲ್ಲಿಯೂ ಬಿಟ್ಟಿರಲಿಲ್ಲ. 400ರಲ್ಲಿ ಹಳೆಯ ಲೇಪ ಉಜ್ಜಿ ತೆಗೆದು, ಕಲೆ ಒಣಗಲು ಎರಡು ದಿನ ಬಿಟ್ಟು, ಎಂಟು ಪದರ ಹೊಸದಾಗಿ ಹಾಕಿದೆ. ಒಳಮೈಯನ್ನು ಮಾತ್ರ ಮುಟ್ಟಲಿಲ್ಲ, ಅಲ್ಲಿ ಪೆನ್ಸಿಲಿನಲ್ಲಿ ಬರೆದ ದಿನಾಂಕ ಸ್ಪಷ್ಟವಾಗಿಯೇ ಇತ್ತು.